ಸಹಾಯ ಬೇಕು: ಅಜ್ಜಿ ಮಗನ ಮೇಲೆ ದೂರು ಬೇಡ ಅಂತಿದ್ದಾರೆ, ಮುಂದೇನು?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ನೋಡಿಕೊಳ್ಳೋರಿಲ್ಲದ ಹಿರಿಯರ ಕೇಸ್ ವರ್ಕರ್ ಆಗಿದ್ದೀನಿ. ರಾಜಾಜಿನಗರದ ಕಡೆಯ 74 ವರ್ಷದ ಅಜ್ಜಿಯೊಬ್ಬರು ಮೂರು ವಾರದಿಂದ ನಮ್ಮಲ್ಲಿದ್ದಾರೆ. ಮನೆಯನ್ನ 2019ರಲ್ಲೇ ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದಾರೆ. ಈಗ ಅವನು ಬೀಗ ಬದಲಾಯಿಸಿದ್ದಾನೆ. ಹಳೇ ಬೀಗದ ಕೈಯನ್ನ ಅಜ್ಜಿ ಇನ್ನೂ ಸೆರಗಿನ ತುದಿಗೆ ಗಂಟು ಹಾಕ್ಕೊಂಡಿದ್ದಾರೆ, ಮಲಗುವಾಗಲೂ ಬಿಚ್ಚಲ್ಲ. ನೋಡಿದಾಗೆಲ್ಲ ಕರುಳು ಕಿವುಚಿದ ಹಾಗಾಗುತ್ತೆ.

ಮಗನಿಗೆ ನಾಲ್ಕು ಸಲ ಫೋನ್ ಮಾಡಿದೆ, ಎರಡು ಸಲ ಮನೆಗೇ ಹೋದೆ. ಗೇಟೂ ತೆಗೀಲಿಲ್ಲ. ಹಿರಿಯರ ಸಹಾಯವಾಣಿ 14567ಕ್ಕೂ ಮಾಡಿದೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಿ ಅಂದ್ರು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣಕ್ಕಿರೋ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟ ದಾನಪತ್ರ ರದ್ದು ಮಾಡಿಸಬಹುದು. ಆದ್ರೆ ಈ ಪತ್ರದಲ್ಲಿ 'ಪ್ರೀತಿ ವಿಶ್ವಾಸದಿಂದ' ಅಂತಷ್ಟೇ ಇದೆ, ಷರತ್ತಿನ ಮಾತೇ ಇಲ್ಲ.

ಅದಕ್ಕಿಂತ ದೊಡ್ಡ ತೊಡಕು ಅಜ್ಜಿಯ ಮನಸ್ಸು. "ಮನೆ ಅವನಿಗೇ ಇರ್ಲಿ ಕಣಮ್ಮ, ನಂಗೊಂದು ರೂಮು ಕೊಟ್ರೆ ಸಾಕು. ಕೋರ್ಟು ಕಚೇರಿ ಬೇಡ" ಅಂತಾರೆ. ಅವರ ಬುದ್ಧಿ ಚುರುಕಾಗೇ ಇದೆ. ಅವರ ಮಾತು ಮೀರಿ ನಾನು ಅರ್ಜಿ ಹಾಕೋದು ತಪ್ಪು. ಸುಮ್ಮನಿರೋಕೂ ಆಗ್ತಿಲ್ಲ.

ಜೀವನಾಂಶದಲ್ಲಿ ವಾಸಕ್ಕೆ ಜಾಗವೂ ಸೇರುತ್ತೆ, ವಿಚಾರಣೆಗೆ ಮುಂಚೆ ಸಂಧಾನಾಧಿಕಾರಿಗೆ ಒಪ್ಪಿಸಬಹುದು ಅಂತಲೂ ಅದೇ ಕಾಯ್ದೆಯಲ್ಲಿದೆ. ದಾನಪತ್ರದ ಸುದ್ದಿಗೇ ಹೋಗದೆ, ಇರೋಕೆ ಜಾಗ ಮಾತ್ರ ಕೇಳಿ ಅರ್ಜಿ ಹಾಕಿಸಿ, ಸಂಧಾನದಲ್ಲೇ ಮುಗಿಸಿದವರು ಯಾರಾದ್ರೂ ಇದ್ದೀರಾ? ಅರ್ಜಿಯಲ್ಲಿ ಏನಂತ ಬರೆಸಿದ್ರಿ?