ಅಪ್ಪನಿಗೆ ರೇಡಿಯೇಷನ್ ಹೇಳಿದ್ದಾರೆ, ತಡೆದುಕೊಳ್ಳುತ್ತಾರಾ?

ಸಾಗರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಎಡ ಕೆನ್ನೆಯ ಒಳಗೆ ಕ್ಯಾನ್ಸರ್. ಹೋದ ತಿಂಗಳು ಆಪರೇಷನ್ ಆಯ್ತು, ಗಾಯ ಚೆನ್ನಾಗಿ ಒಣಗಿದೆ. ಆದರೆ ಕತ್ತಿನ ಎರಡು ಗಂಟಿಗೂ ಹೋಗಿದೆ, ಒಂದರಲ್ಲಿ ಹೊದಿಕೆ ದಾಟಿ ಹೊರಗೆ ಬಂದಿದೆ ಅಂತ ಆಮೇಲೆ ರಿಪೋರ್ಟ್ ಬಂತು. ಈಗ ರೇಡಿಯೇಷನ್ ಒಟ್ಟು 60 ಗ್ರೇ (ಕಿರಣದ ಪ್ರಮಾಣದ ಅಳತೆ), 30 ಸಲ, ಜೊತೆಗೆ ವಾರಕ್ಕೊಂದು ಸಿಸ್ಪ್ಲಾಟಿನ್ ಅನ್ನುವ ಕೀಮೋ ಔಷಧ ಬರೆದಿದ್ದಾರೆ. ವಾರಕ್ಕೆ ಐದು ದಿನ, ಬೆಂಗಳೂರಿನಲ್ಲೇ ಇರಬೇಕು.

ಊರಲ್ಲಿ ತಲೆಗೊಂದು ಮಾತು. ಕರೆಂಟ್ ಕೊಟ್ಟರೆ ಮನುಷ್ಯ ಒಳಗೇ ಸುಟ್ಟು ಹೋಗ್ತಾನೆ ಅಂತ ಒಬ್ಬರು. ಗಡ್ಡೆ ತೆಗೆದಾಯ್ತಲ್ಲ, ಇನ್ನು ಸುಮ್ನೆ ಯಾಕೆ ಅಂತ ದೊಡ್ಡಪ್ಪ. ಅಪ್ಪನೂ ಅದನ್ನೇ ಹಿಡಿದು ಕೂತಿದ್ದಾರೆ. ಅಕ್ಕನಿಗೆ ಪುಟ್ಟ ಮಗು ಇದೆ, ಅಪ್ಪನ ಹತ್ತಿರ ಬಿಡಬಹುದಾ? ಗೊತ್ತಿರುವವರು ಹೇಳಿ.

ಹಾಸನದ ಮೇಷ್ಟ್ರು:
ನೋಡಮ್ಮ, ನನಗೂ ಕೆನ್ನೆಯದ್ದೇ. ಆಪರೇಷನ್ನು, ಆಮೇಲೆ ರೇಡಿಯೇಷನ್ನು. ಈಗ ಆರನೇ ವರ್ಷ, ತೋಟ ನೋಡಿಕೊಂಡು ಆರಾಮಾಗಿದ್ದೇನೆ. ಹಾಗಂತ ಸುಲಭ ಅಂತ ಹೇಳಿ ನಿಮ್ಮನ್ನು ಕಳಿಸಲಾರೆ.

ಮೊದಲು ದೊಡ್ಡಪ್ಪನ ಪ್ರಶ್ನೆ. ಸರ್ಜನ್ ಕೈಗೆ ಸಿಗುವುದು ಕಣ್ಣಿಗೆ ಕಾಣುವ ಗಡ್ಡೆ. ಗಂಟಿನ ಹೊದಿಕೆ ದಾಟಿದೆ ಅಂದರೆ ಕಾಣದ ಚೂರುಪಾರು ಅಲ್ಲೇ ಉಳಿದಿರುವ ಭಯ ಜಾಸ್ತಿ. ಅದೇ ಜಾಗಕ್ಕೆ ಮತ್ತೆ ಬರುವುದನ್ನು ಕಡಿಮೆ ಮಾಡಲು ಇದನ್ನು ಕೊಡುವುದು. ಸಿಸ್ಪ್ಲಾಟಿನ್ ಸೇರಿಸಿರುವುದೂ ಆ ಹೊದಿಕೆಯ ಕಾರಣಕ್ಕೇ. ಬರುವುದೇ ಇಲ್ಲ ಅಂತ ಯಾರೂ ಬರೆದುಕೊಡುವುದಿಲ್ಲ, ಆದರೆ ಬಿಟ್ಟರೆ ಏನಾಗಬಹುದು ಅಂತ ಅಪ್ಪ ತಾವೇ ಡಾಕ್ಟರ ಬಾಯಲ್ಲಿ ಕೇಳಲಿ. ಆಪರೇಷನ್ ಆಗಿ ಆರು ವಾರದೊಳಗೆ ಶುರುವಾದರೆ ಒಳ್ಳೆಯದು. ಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ ಅಂತ ಮುಂದೂಡಬೇಡಿ.

ಮೊದಲ ಎರಡು ವಾರ ಏನೂ ಗೊತ್ತಾಗುವುದಿಲ್ಲ. 'ಇಷ್ಟೇನಾ' ಅನ್ನುತ್ತಾರೆ ನಿಮ್ಮಪ್ಪ. ಮೂರನೇ ವಾರದ ಹೊತ್ತಿಗೆ ಬಾಯಿ ತುಂಬ ಹುಣ್ಣು. ಎಂಜಲು ದಾರ ದಾರವಾಗಿ ಅಂಟುತ್ತದೆ, ಉಗುಳಿದರೂ ಬಿಡುವುದಿಲ್ಲ. ರುಚಿ ಹೋಗುತ್ತದೆ. ನನಗೆ ಅನ್ನ ಮರಳು ಅಗಿದ ಹಾಗಿತ್ತು. ಕತ್ತಿನ ಚರ್ಮ ಕಪ್ಪಾಗಿ ಸುಲಿಯಿತು. ಅತಿ ಕೆಟ್ಟದ್ದು ಕೊನೆಯ ವಾರ ಮತ್ತು ಮುಗಿದ ಮೇಲಿನ ಎರಡು ವಾರ. ಮುಗಿಯಿತು ಅಂತ ಊರಿಗೆ ಬಂದಾಗಲೇ ನೋವು ಜಾಸ್ತಿಯಾದರೆ ಗಾಬರಿ ಬೀಳಬೇಡಿ.

ಊಟದ್ದೇ ದೊಡ್ಡ ಯುದ್ಧ. ನನ್ನ ಹೆಂಡತಿ ರಾಗಿ ಗಂಜಿಯನ್ನು ಸೋಸಿ, ತಣ್ಣಗಾದ ಮೇಲೆ ಹಾಲು ಬೆರೆಸಿ, ಒಂದೊಂದೇ ಲೋಟ ದಿನವಿಡೀ ಕೊಡುತ್ತಿದ್ದಳು. ಊಟಕ್ಕೆ ಮುಂಚೆ ಬಾಯಿ ಮರಗಟ್ಟಿಸುವ ಜೆಲ್ ಬರೆದುಕೊಡುತ್ತಾರೆ, ಅದನ್ನು ಹಚ್ಚಿಕೊಂಡರೆ ನುಂಗಬಹುದು. ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಆಗಾಗ ಬಾಯಿ ಮುಕ್ಕಳಿಸಬೇಕು. ಮೂಗಿನಿಂದ ಟ್ಯೂಬ್ ಹಾಕೋಣ ಅಂದರೆ ಮರ್ಯಾದೆ ಪ್ರಶ್ನೆ ಮಾಡಿಕೊಳ್ಳದೆ ಒಪ್ಪಲಿ.

ಇನ್ನು ಉಳಿದುಕೊಳ್ಳುವಂಥದ್ದು. ರುಚಿ ತಿಂಗಳುಗಟ್ಟಲೆ ಹಿಡಿದು ವಾಪಸ್ ಬಂತು. ಎಂಜಲು ಪೂರ್ತಿ ಬರಲಿಲ್ಲ. ಚಪಾತಿ ತಿನ್ನಲು ಈಗಲೂ ಪಕ್ಕದಲ್ಲಿ ನೀರು ಬೇಕು. ದವಡೆ ಬಿಗಿಯುತ್ತದೆ, ಅದಕ್ಕೆ ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಂಡು ಬಾಯಿ ತೆರೆಯುವ ವ್ಯಾಯಾಮ ಕಲಿಸಿಕೊಟ್ಟರು. ಸರಾಗವಾದಾಗ ಇನ್ನೊಂದು ಕಡ್ಡಿ ಸೇರಿಸುವುದು. ಬೇಸರದ ಕೆಲಸ, ಆದರೆ ಬಿಟ್ಟವರ ಬಾಯಿಗೆ ಚಮಚ ಹೋಗದಿರುವುದನ್ನೂ ಕಂಡಿದ್ದೇನೆ.

ಕಿರಣ ಕೊಠಡಿ:
ನಾನು ರೇಡಿಯೇಷನ್ ಟೆಕ್ನಾಲಜಿಸ್ಟ್. ಮೇಷ್ಟ್ರು ಹೇಳಿದ್ದೆಲ್ಲ ಸರಿ, ಒಂದು ಮುಖ್ಯ ವಿಷಯ ಬಿಟ್ಟಿದ್ದಾರೆ: ಹಲ್ಲು. ಶುರುವಾಗುವ ಮುಂಚೆಯೇ ಡೆಂಟಿಸ್ಟ್ ಹತ್ತಿರ ಹೋಗಿ. ಕೀಳಬೇಕಾದ ಹಲ್ಲು ಈಗಲೇ ಕಿತ್ತು, ಗಾಯ ಮಾಯಬೇಕು. ರೇಡಿಯೇಷನ್ ಬಿದ್ದ ದವಡೆಗೆ ರಕ್ತ ಓಡಾಟ ಕಡಿಮೆ. ಆಮೇಲೆ ಕಿತ್ತರೆ ಮೂಳೆಯೇ ಕೊಳೆಯುವ ಅಪಾಯ ಇದೆ, ವರ್ಷಗಳಾದ ಮೇಲೂ.

ಮಗುವನ್ನು ಧಾರಾಳವಾಗಿ ಅಜ್ಜನ ತೊಡೆ ಮೇಲೆ ಕೂರಿಸಿ. ಇದು ಹೊರಗಿನಿಂದ ಕೊಡುವ ಕಿರಣ. ಮೆಷಿನ್ ನಿಂತರೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಕಿರಣ ಸೂಸುವ ಅಯೋಡಿನ್ ಕುಡಿಸುತ್ತಾರಲ್ಲ, ಅದರಲ್ಲಿ ಕೆಲವು ದಿನ ದೂರ ಇರಬೇಕು. ಜನ ಎರಡನ್ನೂ ಬೆರೆಸುತ್ತಾರೆ.

ಸುಡುವುದು ಅಂತ ಅಪ್ಪ ಹೆದರಿದ್ದರೆ ಹೀಗೆ ಹೇಳಿ. ದಿನಕ್ಕೆ 2 ಗ್ರೇ ಮಾತ್ರ. ಕೊಡುವಾಗ ಬಿಸಿ, ನೋವು ಎರಡೂ ಇಲ್ಲ. ಒಳ್ಳೆಯ ಜೀವಕೋಶ ಮಾರನೇ ದಿನದೊಳಗೆ ಸಾಕಷ್ಟು ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಅಷ್ಟು ತಾಕತ್ತಿಲ್ಲ. 30 ಸಲ ಹಂಚುವುದು ಅದಕ್ಕೇ. ಮಧ್ಯೆ ರಜೆ ಹಾಕಿದರೆ ಉಳಿದ ಕ್ಯಾನ್ಸರ್ ಕೋಶ ಮತ್ತೆ ಬೆಳೆಯುತ್ತದೆ. ಹಾಗಾಗಿ ಮೆಷಿನ್ ಕೆಟ್ಟು ದಿನ ತಪ್ಪಿದರೂ ಅದನ್ನು ಹೇಗೆ ತುಂಬುತ್ತೀರಿ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಮುಖದ ಮಾಸ್ಕ್ ಬಗ್ಗೆ ಮೊದಲೇ ಹೇಳಿಡಿ. ಬಿಸಿನೀರಲ್ಲಿ ಮೆತ್ತಗಾದ ಜಾಲರಿ ಹಾಳೆಯನ್ನು ಮುಖದ ಮೇಲೆ ಎಳೆದು ಕೂರಿಸುತ್ತೇವೆ, ಕೆಲವು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ದಿನಾ ಅದನ್ನು ಮೇಜಿಗೆ ಸಿಕ್ಕಿಸಿ ಮಲಗಿಸುತ್ತೇವೆ. ತೆಗೆದಾಗ ಹಣೆ ಮೇಲೆ ಜಾಲರಿಯ ಅಚ್ಚು ಇರುತ್ತದೆ, ಅದು ಸುಟ್ಟ ಗುರುತಲ್ಲ. ಮೈ ತುಂಬ ಇಳಿದರೆ ಮಾಸ್ಕ್ ಸಡಿಲವಾಗಿ ಹೊಸದಾಗಿ ಪ್ಲಾನ್ ಮಾಡಬೇಕಾಗುತ್ತದೆ. ಗಂಜಿ ಕುಡಿಯಲು ಇದೂ ಒಂದು ಕಾರಣ.

ತೋಟದವ:
ಅಡಿಕೆ ಬೆಳೆಗಾರನಾಗಿಯೇ ಹೇಳುತ್ತೇನೆ, ಬೈಯಬೇಡಿ. ಕವಳ (ಎಲೆ ಅಡಿಕೆ) ಪೂರ್ತಿ ಬಿಡಿಸಿ. ಹೊಗೆಸೊಪ್ಪು ತೆಗೆದರೆ ಸಾಕು ಅನ್ನುವವರಿದ್ದಾರೆ, ಸಾಲದು. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಬೀಡಿ ಇದ್ದರೆ ಅದೂ ಬಂದ್, ಸೇದುತ್ತಿದ್ದರೆ ರೇಡಿಯೇಷನ್ ಕೆಲಸ ಮಾಡುವುದೇ ಕಡಿಮೆ. ರೈಲಿನಲ್ಲಿ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಫಾರಂ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಕೌಂಟರಿನಲ್ಲಿ ಮೊದಲೇ ವಿಚಾರಿಸಿ.

ಸಾಗರದ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಮಗುವಿನ ವಿಷಯ ಕೇಳಿದ ಮೇಲೆ ಸ್ವಲ್ಪ ಮೆತ್ತಗಾಗಿದ್ದಾರೆ. ನಾಳೆ ಡೆಂಟಿಸ್ಟ್ ಹತ್ತಿರ ಹೋಗುತ್ತಿದ್ದೇವೆ. ಒಂದೇ ಡೌಟು, ಶೇವಿಂಗ್ ಮಾಡಿಕೊಳ್ಳಬಹುದಾ? ದಿನಾ ಮಾಡಿಕೊಳ್ಳುವ ಅಭ್ಯಾಸ ಅವರಿಗೆ.

ಕಿರಣ ಕೊಠಡಿ:
ಬ್ಲೇಡ್ ಬೇಡ, ಟ್ರಿಮ್ಮರ್ ಸಾಕು. ಆ ಜಾಗದ ಗಡ್ಡ ಕೆಲವೇ ವಾರದಲ್ಲಿ ತಾನೇ ಉದುರುತ್ತದೆ, ತಲೆಕೂದಲು ಪೂರ್ತಿ ಹೋಗುವುದಿಲ್ಲ. ಆಫ್ಟರ್‌ಶೇವ್, ಅರಿಶಿನ, ಕೊಬ್ಬರಿ ಎಣ್ಣೆ ಏನನ್ನೂ ಕೇಳದೆ ಹಚ್ಚಬೇಡಿ. ಕಾಲರ್ ಇಲ್ಲದ ಹತ್ತಿ ಅಂಗಿ ಎರಡು ಮೂರು ತೆಗೆದಿಟ್ಟುಕೊಳ್ಳಿ.