ಉಗುರು ಮಾಂಸಕ್ಕೆ ಚುಚ್ಚುತ್ತಿದೆ, ನಿಂಬೆಹಣ್ಣು ಹಾಕಲಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಾಗರದ ಕಡೆ. ಅಡಿಕೆ ಸುಲಿದು ಸುಲಿದು ಉಗುರಿನ ಸಂದಿಯೆಲ್ಲ ಕಪ್ಪಾಗಿತ್ತು. ಮನೆಯಲ್ಲಿ ಮದುವೆ ಇದೆ ಅಂತ ಬ್ಲೇಡು ಹಿಡಿದು ಮೂಲೆಯವರೆಗೂ ಕತ್ತರಿಸಿ ತೆಗೆದೆ. ನಾಲ್ಕು ದಿನದಿಂದ ಬಲಗೈ ನಡುಬೆರಳು ಉಗುರಿನ ಪಕ್ಕದಲ್ಲಿ ಕೆಂಪಗೆ ಊದಿದೆ. ಪಾತ್ರೆ ಅಂಚು ತಾಗಿದರೂ ಜೀವ ಹೋದ ಹಾಗಾಗುತ್ತದೆ. ಕೀವು ಕಾಣಿಸುತ್ತಿಲ್ಲ. ಅತ್ತೆ ನಿಂಬೆಹಣ್ಣಿಗೆ ಬೆರಳು ತೂರಿಸು ಅಂತಾರೆ. ನಮ್ಮನೆಯವರು ಪಿನ್ನಿನಿಂದ ಎತ್ತಿ ತೆಗೀತೀನಿ ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಯಜಮಾನರ ಕೈಯಿಂದ ಪಿನ್ನು ಇಸ್ಕೊಳ್ಳಿ ಅಮ್ಮ.

ಮೂಲೆಯನ್ನು ಆಳವಾಗಿ ಕತ್ತರಿಸುವಾಗ ಬ್ಲೇಡು ಪೂರ್ತಿ ಕೊನೆಗೆ ಮುಟ್ಟುವುದಿಲ್ಲ. ಚರ್ಮದ ಅಡಿಯಲ್ಲಿ ಮುಳ್ಳಿನಂಥ ಒಂದು ಚೂಪು ಉಳಿದುಬಿಡುತ್ತದೆ. ಉಗುರು ಮುಂದಕ್ಕೆ ಬೆಳೆದ ಹಾಗೆ ಅದು ಮಾಂಸಕ್ಕೆ ಚುಚ್ಚುತ್ತಾ ಹೋಗುತ್ತದೆ. ಪಿನ್ನು ಹಾಕಿ ಕೆದಕಿದರೆ ಅದೇ ಗಾಯದಲ್ಲಿ ಕೊಳೆ ಒಳಗೆ ಹೋಗಿ ಕೀವಾಗುತ್ತದೆ.

ಬೆರಳಿಗೆ ಹಿತವಾಗುವಷ್ಟು ಬಿಸಿ ನೀರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ, ಹತ್ತು ಹದಿನೈದು ನಿಮಿಷ ಅದ್ದಿಡಿ. ಆಮೇಲೆ ಚೆನ್ನಾಗಿ ಒರೆಸಿ ಒಣಗಿಸಿ. ಉಗುರು ಮೆತ್ತಗಿರುವಾಗಲೇ, ಹತ್ತಿಯ ಎಳೆಯನ್ನು ದೀಪದ ಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸೆದು, ಅಕ್ಕಿಕಾಳಿನಷ್ಟನ್ನು ಉಗುರಿನ ಅಂಚಿನ ಕೆಳಗೆ ಸೇರಿಸಿ. ಸುಲಭವಾಗಿ ಹೋದರೆ ಮಾತ್ರ, ಬಲವಂತ ಬೇಡ. ಪ್ರತಿ ಸಲ ಅದ್ದಿದ ಮೇಲೆ ಹೊಸ ಹತ್ತಿ. ಮೇಲೆ ವ್ಯಾಸಲೀನ್ ಸವರಿ. ಆ ಬೆರಳಿನಲ್ಲಿ ಉಂಗುರ ಇದ್ದರೆ ಇವತ್ತೇ ತೆಗೆಯಿರಿ, ಊತ ಜಾಸ್ತಿಯಾದರೆ ಉಂಗುರವನ್ನೇ ಕತ್ತರಿಸಬೇಕಾಗುತ್ತದೆ.

ನಿಂಬೆಹಣ್ಣಿನ ವಿಷಯ. ಉಗುರುಸುತ್ತಿಗೆ ಇದನ್ನು ಹೇಳದ ಮನೆಯೇ ಇಲ್ಲ, ನಮ್ಮಜ್ಜಿಯೂ ನನಗೆ ಹಾಕಿದ್ದರು! ಕೀವು ತುಂಬಿದ್ದು ಎಷ್ಟೋ ಸಲ ತಾನಾಗಿಯೇ ಒಡೆಯುತ್ತದೆ, ಹೆಸರು ಮಾತ್ರ ನಿಂಬೆಹಣ್ಣಿಗೆ. ನಿಮ್ಮದು ಹಸಿ ಗಾಯ, ಹುಳಿ ಬಿದ್ದರೆ ಉರಿಯುತ್ತದೆ. ನಿಂಬೆರಸ ಹತ್ತಿದ ಕೈಗೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಗುಳ್ಳೆ ಎದ್ದು ಕಪ್ಪು ಕಲೆಯೂ ಉಳಿಯಬಹುದು. ಅತ್ತೆಯವರಿಗೆ ಡಾಕ್ಟ್ರು ಬಿಸಿನೀರು ಹೇಳಿದಾರೆ ಅನ್ನಿ, ಸಾಕು.

ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಅಥವಾ ಕೀವು ಕಂಡರೆ, ಆಸ್ಪತ್ರೆಗೆ ಹೋಗಿ. ಬೆರಳಿನ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕೀವು ಬಿಟ್ಟು, ಆ ಚೂಪನ್ನೂ ತೆಗೆಯುತ್ತಾರೆ. ಸಣ್ಣ ಕೆಲಸ. ಆದರೆ ಬೆರಳ ತುದಿಯೆಲ್ಲ ಬಿಗಿದು ರಾತ್ರಿಯಿಡೀ ಸಿಡಿಯುತ್ತಿದ್ದರೆ, ಬೆರಳು ಮಡಚಲು ಆಗದಿದ್ದರೆ, ಜ್ವರ ಬಂದರೆ, ಕೆಂಪು ಗೆರೆ ಅಂಗೈ ಕಡೆ ಏರಿದರೆ ಅದೇ ದಿನ ಹೊರಡಿ. ಶುಗರ್ ಇರುವವರು ಮನೆಮದ್ದು ಮಾಡುತ್ತಾ ಕೂರಲೇಬಾರದು.

ಇನ್ನೊಬ್ಬರ ಪ್ರಶ್ನೆ: ಸರ್, ನಾನು ಮೆಸ್ ನಡೆಸುತ್ತೇನೆ. ಎರಡು ತಿಂಗಳಿಂದ ಮೂರು ಬೆರಳಿನಲ್ಲಿ ಉಗುರಿನ ಬುಡ ಉಬ್ಬಿಕೊಂಡೇ ಇದೆ. ನೋವು ಅಷ್ಟಿಲ್ಲ. ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ ಎರಡು ಕೋರ್ಸ್ ಆಯ್ತು.

ಉತ್ತರ: ನಿಮ್ಮದು ಬೇರೆ ಕಥೆ, ಮಾತ್ರೆ ನಿಲ್ಲಿಸಿ. ಆರು ವಾರ ದಾಟಿದ ಊತಕ್ಕೆ ಸಾಮಾನ್ಯವಾಗಿ ಕಾರಣ ನೀರು ಮತ್ತು ಪಾತ್ರೆ ಸೋಪು. ಉಗುರಿನ ಬುಡದ ತೆಳು ಪೊರೆ ಕಿತ್ತುಹೋಗಿ ನೀರು ಒಳಗಿಳಿಯುತ್ತಿರುತ್ತದೆ. ಒಳಗೆ ಹತ್ತಿ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್ ಹಾಕಿ. ಬರೀ ರಬ್ಬರ್ ಆದರೆ ಬೆವರಿಗೇ ನೆನೆಯುತ್ತದೆ. ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ, ಶುಗರ್ ಟೆಸ್ಟೂ ಮಾಡಿಸಿ.

ಮೊದಲು ಕೇಳಿದವರು: ಮೂರನೇ ದಿನ ಡಾಕ್ಟ್ರೇ, ನೋವು ಅರ್ಧಕ್ಕರ್ಧ ಇಳಿದಿದೆ. ಚೂಪು ಈಗ ಸ್ವಲ್ಪ ಕಾಣಿಸುತ್ತಿದೆ. ಕತ್ತರಿಸಲಾ?

ಉತ್ತರ: ಬೇಡ! ಕತ್ತರಿಸಿದರೆ ಮತ್ತೆ ಅದೇ ಮುಳ್ಳು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಚೂಪು ಚರ್ಮ ದಾಟಿ ಹೊರಗೆ ಬರುವವರೆಗೆ ಹತ್ತಿ ಇಡುತ್ತಿರಿ, ಆಮೇಲೆ ನೇಲ್ ಕಟರಿನಲ್ಲಿ ನೇರವಾಗಿ ಕತ್ತರಿಸಿ, ಮೂಲೆಯನ್ನು ಫೈಲಿನಿಂದ ಉಜ್ಜಿದರೆ ಸಾಕು. ಅಡಿಕೆ ಕಪ್ಪು ಉಗುರು ಬೆಳೆದ ಹಾಗೆ ತಾನೇ ಹೋಗುತ್ತದೆ. ಮದುವೆಗೆ ಬಂದವರು ಸೀರೆ ನೋಡುತ್ತಾರೆ, ಉಗುರಿನ ಸಂದಿ ನೋಡಲ್ಲ ಬಿಡಿ.