ಎರಡು ವರ್ಷದ ಕುದುರೆ ಮರಿಯನ್ನು ಈಗಲೇ ರೇಸಿಗೆ ಇಳಿಸಬೇಕಾ?

ಸಣ್ಣಪಾಲು:
ಥರೋಬ್ರೆಡ್ (ರೇಸಿನ ತಳಿ) ಮರಿಯೊಂದರಲ್ಲಿ ನನಗೆ ಸಣ್ಣ ಪಾಲಿದೆ. ಅದು ಹುಟ್ಟಿದ್ದು ಏಪ್ರಿಲ್ ಕೊನೆಗೆ. ಆದರೆ ರೇಸಿನ ಲೆಕ್ಕದಲ್ಲಿ ಉತ್ತರಾರ್ಧಗೋಳದ ಎಲ್ಲಾ ಮರಿಗಳ ಹುಟ್ಟುಹಬ್ಬ ಜನವರಿ 1. ಹಾಗಾಗಿ 20 ತಿಂಗಳಿಗೇ ಇದು 'ಎರಡು ವರ್ಷದ್ದು' ಆಗಿಬಿಟ್ಟಿದೆ! ಮಿಕ್ಕ ಪಾಲುದಾರರಿಗೆ ಈ ಸೀಸನ್‌ನಲ್ಲೇ ಓಡಿಸುವ ಆತುರ. ಮೊಣಕಾಲಿನ ಎಕ್ಸ್‌ರೇ ಚೆನ್ನಾಗಿ ಬಂದರೆ ಸಾಕು ಅನ್ನುತ್ತಾರೆ. ನನಗ್ಯಾಕೋ ಧೈರ್ಯ ಬರುತ್ತಿಲ್ಲ.

ಗ್ಯಾಲರಿ_ಗೆಳೆಯ:
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಸರ್. ಎರಡು ವರ್ಷಕ್ಕೆ ಓಡಲು ಶುರು ಮಾಡಿದವೇ ಜಾಸ್ತಿ ಕಾಲ ಓಡುತ್ತವೆ ಅಂತ ಅಧ್ಯಯನಗಳೇ ಹೇಳಿವೆ.

ಬೆಳಗಿನ_ಸವಾರ:
ಅಧ್ಯಯನ ಇರುವುದು ನಿಜ. ಆದರೆ ಎರಡು ವರ್ಷಕ್ಕೆ ಟ್ರ್ಯಾಕಿಗೆ ಬರುವುದು ಯಾವ ಮರಿ? ಮೊದಲೇ ಗಟ್ಟಿಮುಟ್ಟಾಗಿರುವುದು. ಕಾಲು ನೋವು ಬಂದದ್ದು ಲಾಯದಲ್ಲೇ ಉಳಿದಿರುತ್ತದೆ. ಬೇಗ ಓಡಿದ್ದಕ್ಕೆ ಬಾಳಿತೋ, ಗಟ್ಟಿ ಇದ್ದದ್ದಕ್ಕೆ ಬೇಗ ಓಡಿತೋ, ಹೇಗೆ ಹೇಳುತ್ತೀರಿ?

ಪಾಲುದಾರರೇ, ಎಕ್ಸ್‌ರೇ ಬೇಡ ಅನ್ನುವುದಿಲ್ಲ. ಮೊಣಕಾಲಿನ ಮೇಲೆ ಮೂಳೆ ಬೆಳೆಯುವ ಮೃದು ಪದರ ಸಾಮಾನ್ಯವಾಗಿ ಎರಡರಿಂದ ಎರಡೂವರೆ ವರ್ಷದೊಳಗೆ ಗಟ್ಟಿಯಾಗುತ್ತದೆ. ಎಕ್ಸ್‌ರೇ ಹೇಳುವುದು ಅಷ್ಟನ್ನೇ. ಎಳೆ ಕುದುರೆಗೆ ಪೆಟ್ಟು ಬೀಳುವುದು ಮೊಣಕಾಲಿನ ಕೆಳಗಿನ ಉದ್ದ ಮೂಳೆಗೆ. ಆ ಮೂಳೆ ಉದ್ದ ಬೆಳೆಯುವುದನ್ನು ವರ್ಷ ತುಂಬುವ ಮೊದಲೇ ನಿಲ್ಲಿಸಿರುತ್ತದೆ, ಆದರೆ ವೇಗಕ್ಕೆ ಪಳಗಿರುವುದಿಲ್ಲ.

ನಾನು ಜೀನು ಹಾಕುವ ಮೊದಲು ಆ ಮೂಳೆಯ ಮುಂಭಾಗವನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಒತ್ತುತ್ತಾ ಬರುತ್ತೇನೆ. ನೋವಿದ್ದರೆ ಮರಿ ತಟ್ಟನೆ ಕಾಲು ಎಳೆದುಕೊಳ್ಳುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ಆ ಜಾಗ ಮುಟ್ಟಿದರೆ ಬಿಸಿ. ಅವತ್ತು ಗ್ಯಾಲಪ್ ಇಲ್ಲ, ಯಾರು ಏನೇ ಅನ್ನಲಿ. ಶಿನ್ ನೋವು, ಅಂದರೆ ಆ ಮೂಳೆಯ ಮುಂಭಾಗದ ನೋವು, ಎಳೆ ಕುದುರೆಗಳಿಗೆ ಮಾಮೂಲು. ಮಾಮೂಲು ಅಂತಲೇ ಬ್ಯೂಟ್ ಅನ್ನುವ ನೋವಿನ ಔಷಧಿ ಕೊಟ್ಟು ಓಡಿಸುತ್ತಾರಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ. ಔಷಧಿಗೆ ನೋವು ಅಡಗುತ್ತದೆ. ಬಿರುಕಿದ್ದರೆ ಅದು ಬೆಳೆಯುತ್ತಲೇ ಇರುತ್ತದೆ.

ಕುದುರೆ_ಡಾಕ್ಟರ್:
ಸವಾರರ ಮಾತು ಸರಿ. ಆದರೆ ಮರಿಯನ್ನು ಸುಮ್ನೆ ನಿಲ್ಲಿಸಿ ಮೂರು ವರ್ಷ ಕಾದರೂ ಮೂಳೆ ತಾನಾಗಿ ಪಳಗುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೇವಿಡ್ ನುನಮೇಕರ್ ಈ ಶಿನ್ ನೋವಿನ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದವರು. ನಿಧಾನವಾಗಿ ಮೈಲಿಗಟ್ಟಲೆ ಓಡಿಸಿದರೆ ಮೂಳೆ ರೇಸಿಗೆ ತಯಾರಾಗುವುದಿಲ್ಲ, ಯಾಕೆಂದರೆ ವೇಗದಲ್ಲಿ ಅದರ ಮೇಲೆ ಬೀಳುವ ಒತ್ತಡದ ರೀತಿಯೇ ಬೇರೆ. ಅವರ ಕ್ರಮದಲ್ಲಿ ಶುರುವಿಗೆ ವಾರಕ್ಕೆ ಎರಡು ಸಲ, ಮಾಮೂಲಿ ಓಟದ ಕೊನೆಗೆ ಒಂದೇ ಫರ್ಲಾಂಗ್ ವೇಗ. ಅಂದರೆ ಸುಮಾರು 200 ಮೀಟರ್, 15 ಸೆಕೆಂಡಿನಲ್ಲಿ. ಮುಂದೆ ವಾರಗಳ ಲೆಕ್ಕದಲ್ಲಿ ಏರಿಸುತ್ತಾ ಹೋಗುವುದು. ಇಷ್ಟಕ್ಕೆ ರೇಸಿನ ತಾರೀಖು ಬೇಕಿಲ್ಲ, ಅಲ್ವಾ?

ಸಣ್ಣಪಾಲು:
ಥ್ಯಾಂಕ್ಸ್ ಡಾಕ್ಟ್ರೇ. ಶಿನ್ ನೋವು ಬಂದೇಬಿಟ್ಟರೆ? ರಜೆ ಕೊಟ್ಟು ವಾಪಸ್ ತಂದರೆ ಆಯ್ತಾ?

ಕುದುರೆ_ಡಾಕ್ಟರ್:
ರಜೆ ಬೇಕು, ಆದರೆ ಲಾಯದಲ್ಲಿ ನಿಂತೇ ಇದ್ದರೆ ಮೂಳೆ ಸವೆಯುತ್ತದೆ. ರಜೆ ಮುಗಿಸಿ ಬಂದ ಕುದುರೆಯನ್ನು ಬಿಟ್ಟ ಕಡೆಯಿಂದಲೇ ಓಡಿಸಿದಾಗ ಭುಜದ ಕೆಳಗಿನ ಮೂಳೆ ಮುರಿಯುವುದುಂಟು. ಮತ್ತೆ ಮೊದಲಿನಿಂದ ಶುರು ಮಾಡಿ. ಇನ್ನೊಂದು, ಶಿನ್ ಬಿಸಿ ಇದ್ದು ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ನಂಬಿ ಓಡಿಸಬೇಡಿ. ಸಣ್ಣ ಬಿರುಕು ಶುರುವಿನಲ್ಲಿ ಕಾಣದೇ ಇರಬಹುದು. ಎರಡು ವಾರ ಬಿಟ್ಟು ಮತ್ತೆ ತೆಗೆಸಿ.